ಮಹಾರಾಣಿಯ ರುಜು

ಅಗ್ರಹಾರದ ವಾಣಿವಿಲಾಸ ಮಾರುಕಟ್ಟೆಗೆ ವಾರಕ್ಕೆ ಎರಡು ಸಲವಾದರೂ ಹೋಗುತ್ತೇನೆ. ಲಕ್ಷ್ಮೀಪುರಂನ ನಮ್ಮ ಮನೆಯಿಂದ ನಡೆದೇ ಹೋಗಿ ಬರುವ ದೂರ. ಸೊಪ್ಪು, ತೆಂಗಿನಕಾಯಿ, ವೀಳ್ಯದೆಲೆ, ಸಿಕ್ಕಿದರೆ ನಂಜನಗೂಡು ರಸಬಾಳೆ. ಐವತ್ತು ವರ್ಷದಿಂದ ಬಾಯಲ್ಲಿ ಆಡುತ್ತಿರುವ ಹೆಸರು ಅದು. ವಾಣಿವಿಲಾಸ ಅಂದರೆ ಯಾರು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸುವ ಹಾಗೆ ಮಾಡಿದ್ದು 2015ರ ಮಾರ್ಚ್ ತಿಂಗಳ ಒಂದು ಫೋನ್ ಕರೆ.

ನಾನು ಲೆಕ್ಕಪರಿಶೋಧಕಿ. ಆ ಮಾರ್ಚ್‌ನಲ್ಲಿ ನನ್ನಂಥವರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್ನಿನ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು. ನೋಂದಾಯಿತವಲ್ಲದಿದ್ದರೂ 100 ಕೋಟಿ ರೂಪಾಯಿ ಬಂಡವಾಳವೋ 300 ಕೋಟಿ ವಹಿವಾಟೋ ಇರುವ ಪಬ್ಲಿಕ್ ಕಂಪನಿಗಳಿಗೂ ಇದೇ ನಿಯಮ. ಸೆಬಿ ಒಂದು ಸಲ ಗಡುವು ಮುಂದೆ ಹಾಕಿ ಕೊನೆಗೆ 2015ರ ಏಪ್ರಿಲ್ 1 ಅಂತ ನಿಲ್ಲಿಸಿತು. ಕೊನೆಯ ವಾರದಲ್ಲಿ ದೇಶದಾದ್ಯಂತ ಕಂಪನಿಗಳು ಹೆಂಗಸರನ್ನು ಹುಡುಕಾಡಿದವು. ಕೆಲವು ಮಾಲೀಕರು ಹೊರಗೆ ಹುಡುಕುವ ತೊಂದರೆಯನ್ನೂ ತಗೊಳ್ಳಲಿಲ್ಲ, ಹೆಂಡತಿಯನ್ನೋ ಮಗಳನ್ನೋ ಅತ್ತಿಗೆಯನ್ನೋ ತಂದು ಕೂರಿಸಿದರು. ನನಗೆ ಫೋನ್ ಮಾಡಿದವರು ಹಳೇ ಪರಿಚಯದವರು. ಪ್ಯಾನ್ ಕಾರ್ಡಿನ ಪ್ರತಿ ಕಳಿಸಿ ಮೇಡಂ, ಮಿಕ್ಕಿದ್ದೆಲ್ಲ ನಾವು ನೋಡಿಕೋತೀವಿ ಅಂದರು. ಮೊದಲ ಸಭೆಗೆ ಹೋದಾಗ ಹೂಗುಚ್ಛ ಕೊಟ್ಟರು, ಫೋಟೋ ತೆಗೆದರು. ಏಳು ದಿನ ಮುಂಚೆ ಬರಬೇಕಾದ ಅಜೆಂಡಾ ಕಾಗದ ಹಿಂದಿನ ರಾತ್ರಿ ಬಂದಿತ್ತು. ಸಾಲದ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿದೆ. ಎಲ್ಲರೂ ನಕ್ಕು ಕಾಫಿ ತರಿಸಿದರು.

ಅವತ್ತು ಸಂಜೆ ಮಾರುಕಟ್ಟೆಯಲ್ಲಿ ಆ ಹೆಸರಿನ ಹಲಗೆ ಕಣ್ಣಿಗೆ ಬಿತ್ತು. ಕಾನೂನು ಒಬ್ಬ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿದ್ದು, ಸುತ್ತ ಕೂತವರೆಲ್ಲ ಗಂಡಸರಾಗಿದ್ದದ್ದು ಈ ಊರಿಗೆ ಹೊಸದಲ್ಲ ಅನ್ನಿಸಿತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ಇತಿಹಾಸಕಾರಳಲ್ಲ. ಮಿನಿಟ್ಸ್ ಓದಿ ಅಭ್ಯಾಸವಿರುವವಳು. ಯಾರು ರುಜು ಹಾಕಿದರು, ಯಾರು ನಿಜವಾಗಿ ತೀರ್ಮಾನಿಸಿದರು ಅಂತ ಹುಡುಕುವುದು ನನ್ನ ಕಸುಬು. ಆ ಕಣ್ಣಿನಿಂದ ನೋಡಿದ ಜೀವನ ಇದು.

ಕೆಂಪನಂಜಮ್ಮಣ್ಣಿ ಹುಟ್ಟಿದ್ದು 1866ರಲ್ಲಿ. ನಂಜನಗೂಡಿನ ಪಕ್ಕದ ಕಳಲೆಯ ಅರಸು ಮನೆತನ, ತಂದೆ ಸರ್ದಾರ್ ನರಸರಾಜ ಅರಸು. ಮೈಸೂರು ಅರಮನೆಗೂ ಕಳಲೆಗೂ ಹೆಣ್ಣು ಕೊಟ್ಟು ತರುವ ನಂಟು ತಲೆಮಾರುಗಳದ್ದು. ದಳವಾಯಿಗಳಾಗಿ ಒಂದು ಕಾಲದಲ್ಲಿ ಮೈಸೂರನ್ನೇ ಆಡಿಸಿದ ಮನೆತನ ಅದು. 1878ರ ಮೇ ತಿಂಗಳಲ್ಲಿ ಹತ್ತನೇ ಚಾಮರಾಜ ಒಡೆಯರ ಜತೆ ಮದುವೆಯಾಯಿತು. ಹುಡುಗನಿಗೆ ಹದಿನೈದು, ಹುಡುಗಿಗೆ ಹನ್ನೆರಡು. ರಾಜ್ಯ ಆಗಿನ್ನೂ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. 1831ರಲ್ಲಿ ಕಿತ್ತುಕೊಂಡದ್ದನ್ನು ಅವರು ಒಡೆಯರ ಮನೆತನಕ್ಕೆ ವಾಪಸು ಕೊಟ್ಟದ್ದು 1881ರ ಮಾರ್ಚ್ 25ರಂದು, ಅದೂ ಹತ್ತಾರು ಷರತ್ತು ಹಾಕಿ. ಆಡಳಿತದ ಪದ್ಧತಿಯಲ್ಲಿ ದೊಡ್ಡ ಬದಲಾವಣೆ ಮಾಡಬೇಕೆಂದರೆ ಭಾರತ ಸರ್ಕಾರದ ಒಪ್ಪಿಗೆ ಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರವರ್ತಕರು ಬೇರೆ ಎಲ್ಲೋ ಕೂತಿದ್ದ ಕಂಪನಿ ಇದು.

ಹದಿಮೂರು ವರ್ಷ ಸಂಸಾರ, ಮಕ್ಕಳು, ಪೂಜೆ, ಉತ್ಸವ. ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಈ ವರ್ಷಗಳಲ್ಲಿ ಅವರ ಬಗ್ಗೆ ಪುಸ್ತಕಗಳಲ್ಲಿ ಸಿಗುವುದು ಬಹಳ ಕಡಿಮೆ. ಗಂಡನ ವರ್ಷಗಳು ದಾಖಲೆಯಾಗಿವೆ, ಹೆಂಡತಿಯದ್ದು ಮಕ್ಕಳ ಹುಟ್ಟಿದ ದಿನಾಂಕಗಳಲ್ಲಿ ಮಾತ್ರ ಇಣುಕುತ್ತದೆ. ಗೋಷಾ ಪಾಲಿಸುತ್ತಿದ್ದ ಮನೆತನ, ಹೊರಗಿನವರಿಗೆ ಮುಖ ಕಾಣಿಸುವಂತಿಲ್ಲ. ಆದ್ರೆ ಕಿವಿ ಮುಚ್ಚಿಕೊಂಡಿದ್ದರು ಅಂತ ಅಂದುಕೊಳ್ಳಬೇಕಿಲ್ಲವಲ್ಲ. ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರುಮಾಡಿದ್ದು, ಶೇಷಾದ್ರಿ ಅಯ್ಯರ್ ದಿವಾನರಾಗಿ ಬಂದದ್ದು, ಹೆಣ್ಣುಮಕ್ಕಳಿಗೆ ಮಹಾರಾಣಿ ಶಾಲೆ ತೆರೆದದ್ದು, ಎಲ್ಲ ಅದೇ ವರ್ಷಗಳಲ್ಲಿ.

1894ರ ಡಿಸೆಂಬರ್ 28. ಚಾಮರಾಜ ಒಡೆಯರು ಕಲ್ಕತ್ತೆಗೆ ಹೋಗಿದ್ದವರು ಗಂಟಲಮಾರಿ ಬಂದು ಅಲ್ಲೇ ತೀರಿಕೊಂಡರು. ಮೂವತ್ತೆರಡು ತುಂಬಿರಲಿಲ್ಲ. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ. ಕೆಂಪನಂಜಮ್ಮಣ್ಣಿಗೆ ಇಪ್ಪತ್ತೆಂಟು.

1895ರ ಫೆಬ್ರವರಿ 1ರಂದು ಮಗನಿಗೆ ಪಟ್ಟವಾಯಿತು. ತಾಯಿಯನ್ನು ರೀಜೆಂಟ್ ಅಂತ ಭಾರತ ಸರ್ಕಾರ ನೇಮಿಸಿತು. ವಾಣಿವಿಲಾಸ ಸನ್ನಿಧಾನ ಅನ್ನುವ ಬಿರುದಿನ ಹೆಸರಿನಲ್ಲೇ ಜನ ಅವರನ್ನು ನೆನಪಿಟ್ಟುಕೊಂಡರು. ಅವರ ಕೆಳಗೆ ಆಡಳಿತ ನೋಡಿಕೊಳ್ಳಲು ರೀಜೆನ್ಸಿ ಕೌನ್ಸಿಲ್. ದಿವಾನ್ ಶೇಷಾದ್ರಿ ಅಯ್ಯರ್ ಅದರ ಅಧ್ಯಕ್ಷರು. ಸದಸ್ಯರು ಮೂವರು: ಟಿ.ಆರ್.ಎ. ತಂಬುಚೆಟ್ಟಿ, ಪಿ.ಎನ್. ಕೃಷ್ಣಮೂರ್ತಿ, ಅಬ್ದುಲ್ ರಹಮಾನ್ ಖಾನ್.

ಈ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಾಲಕ್ಕಾಡಿನ ಕಡೆಯ ತಮಿಳು ಬ್ರಾಹ್ಮಣ ಒಬ್ಬರು, ಕ್ರೈಸ್ತರೊಬ್ಬರು, ಪೂರ್ಣಯ್ಯನವರ ವಂಶದವರೊಬ್ಬರು, ಮುಸಲ್ಮಾನರೊಬ್ಬರು. ಇವತ್ತಿನ ಯಾವ ಕಂಪನಿಯ ವಾರ್ಷಿಕ ವರದಿಯಾದರೂ ಹೆಮ್ಮೆಯಿಂದ ಅಚ್ಚು ಹಾಕಿಸುವಂಥ ವೈವಿಧ್ಯ. ಹೆಂಗಸರು ಮಾತ್ರ ಇಲ್ಲ. ಎಲ್ಲಕ್ಕಿಂತ ಮೇಲೆ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿ, ಇಲ್ಲಿ ಮೈಸೂರಿನಲ್ಲಿ ವಾಣಿವಿಲಾಸ. ಈ ಇಬ್ಬರ ಮಧ್ಯೆ ಎಷ್ಟು ಮೆಟ್ಟಿಲಿತ್ತೋ, ವೈಸರಾಯ್, ರೆಸಿಡೆಂಟ್, ದಿವಾನ್, ಕೌನ್ಸಿಲ್, ಅಮಲ್ದಾರ, ಶೇಕದಾರ, ಒಂದರಲ್ಲೂ ಒಬ್ಬ ಹೆಣ್ಣುಮಗಳಿರಲಿಲ್ಲ. ತುದಿಯಲ್ಲಿ ಒಬ್ಬಳು ಕೂತ ಮಾತ್ರಕ್ಕೆ ಬಾಗಿಲು ತೆರೆದ ಹಾಗಾಗುವುದಿಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ.

ಅವರ ಕುರ್ಚಿ ಎಷ್ಟು ಗಟ್ಟಿ ಇತ್ತು? ಮೇಲೆ ಬ್ರಿಟಿಷ್ ರೆಸಿಡೆಂಟ್. ಎದುರಿಗೆ ಶೇಷಾದ್ರಿ ಅಯ್ಯರ್, ಹನ್ನೆರಡು ವರ್ಷದಿಂದ ದಿವಾನರಾಗಿದ್ದವರು, ವಯಸ್ಸಿನಲ್ಲಿ ಇಪ್ಪತ್ತು ವರ್ಷ ದೊಡ್ಡವರು, ಒಂದೊಂದು ಇಲಾಖೆಯ ಒಂದೊಂದು ಕಾಗದವೂ ತಲೆಯಲ್ಲಿದ್ದವರು. ಅಂಥವರ ಮುಂದೆ ಇಪ್ಪತ್ತೆಂಟರ ವಿಧವೆ. ಆ ಕಾಲದಲ್ಲಿ ವಿಧವೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಶುಭಕಾರ್ಯಕ್ಕೆ ಎದುರು ಬರಬಾರದವಳು ಅಂತ ಜಗತ್ತು ಯಾರನ್ನು ಅನ್ನುತ್ತಿತ್ತೋ ಅವಳ ರುಜು ಇಲ್ಲದೆ ರಾಜ್ಯದ ಕಾಗದ ಮುಂದೆ ಹೋಗುವಂತಿರಲಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಇನ್ನೊಂದು ಪೆಟ್ಟು. 1897ರ ಫೆಬ್ರವರಿ 28, ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ ಸಂಭ್ರಮದಲ್ಲೇ ಮರದ ಹಳೇ ಅರಮನೆಗೆ ಬೆಂಕಿ ಬಿತ್ತು. ಅರಮನೆ ಹೋಯಿತು. ಮದುವೆಮನೆಯಲ್ಲಿ ಬೆಂಕಿ, ಅದೂ ವಿಧವೆ ರಾಣಿಯ ಕಾಲದಲ್ಲಿ. ಊರಿನ ಬಾಯಿ ಏನೇನು ಆಡಿರಬಹುದು ಅಂತ ಮೈಸೂರಿನಲ್ಲಿ ಬೆಳೆದ ಯಾರಾದರೂ ಊಹಿಸಬಹುದು. ಅವರು ಅದೇ ವರ್ಷ ಹೊಸ ಅರಮನೆಯ ಕೆಲಸ ಶುರುಮಾಡಿಸಿದರು. ಹೆನ್ರಿ ಇರ್ವಿನ್ ನಕ್ಷೆ. ಮುಗಿದದ್ದು 1912ಕ್ಕೆ, ಖರ್ಚು ಸುಮಾರು 42 ಲಕ್ಷ ರೂಪಾಯಿ. ಈಗ ದಸರೆಗೆ ದೀಪ ಹೊತ್ತಿಸಿಕೊಂಡು ನಿಲ್ಲುತ್ತದಲ್ಲ, ಅದೇ. ಪ್ರವಾಸಿಗಳಿಗೆ ಗೈಡುಗಳು ಇರ್ವಿನ್ ಹೆಸರು ಹೇಳುತ್ತಾರೆ, ನಾಲ್ವಡಿಯವರ ಹೆಸರು ಹೇಳುತ್ತಾರೆ. ಕಟ್ಟಲು ಅಪ್ಪಣೆ ಕೊಟ್ಟವರ ಹೆಸರು ಎಷ್ಟು ಜನ ಹೇಳುತ್ತಾರೆ ಅಂತ ಮುಂದಿನ ಸಲ ಹೋದಾಗ ಗಮನಿಸಿ.

ಅದೇ 1897ರ ಜೂನ್ 22ರಂದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಮರುವರ್ಷ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಆಮೇಲೆ ಮೈಸೂರಿಗೂ. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮಜ್ಜಿಯ ತಲೆಮಾರಿನವರು ಹೇಳುತ್ತಿದ್ದರು. ಇಕ್ಕಟ್ಟಿನ ಹಳೇ ಬೀದಿಗಳನ್ನು ಬಿಡಿಸಿ ಊರನ್ನು ಅಗಲ ಮಾಡಬೇಕು, ಚರಂಡಿ ಬೇಕು, ಶುದ್ಧ ನೀರು ಬೇಕು ಅನ್ನುವ ಎಚ್ಚರ ಬಂದದ್ದು ಆ ಸಾವುಗಳಿಂದ. ಮೈಸೂರಿನ ನೀರು ಸರಬರಾಜಿಗೆ ವಾಣಿವಿಲಾಸ ಅನ್ನುವ ಹೆಸರು ಸುಮ್ಮನೆ ಅಂಟಿಕೊಂಡಿಲ್ಲ. ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್ 8ರಂದು ಲಾರ್ಡ್ ಕರ್ಜನ್ ಕೈಯಲ್ಲಿ ಉದ್ಘಾಟನೆಯಾಯಿತು.

ಇನ್ನು ಹಿರಿಯೂರಿನ ಮಾರಿಕಣಿವೆ. ವೇದಾವತಿಗೆ ಅಡ್ಡ ಅಣೆಕಟ್ಟೆಯ ಕೆಲಸ 1898ರಲ್ಲಿ ಶುರುವಾಯಿತು, 1907ರಲ್ಲಿ ಮುಗಿಯಿತು. ಮಳೆ ಕಡಿಮೆ ಬೀಳುವ ಚಿತ್ರದುರ್ಗ ಸೀಮೆಯಲ್ಲಿ ಅಷ್ಟು ದೊಡ್ಡ ಕಟ್ಟೆ ಯಾಕೆ, ತುಂಬುವುದು ಯಾವಾಗ ಅಂತ ಕೇಳಬಹುದಾದ ಯೋಜನೆ. ಕೇಳಿದ್ದರೆ ತಪ್ಪೂ ಅಲ್ಲ, ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರಲ್ಲಿ, 89 ವರ್ಷ ಬಿಟ್ಟು. ಮೂರನೇ ಸಲ 2025ರ ಜನವರಿಯಲ್ಲಿ. ಆದರೆ ಕೋಡಿ ಬೀಳದ ವರ್ಷಗಳಲ್ಲೂ ಹಿರಿಯೂರಿನ ತೋಟಗಳಿಗೆ ನೀರು ಕೊಟ್ಟಿದೆ, ಚಿತ್ರದುರ್ಗಕ್ಕೆ ಕುಡಿಯಲು ಕೊಟ್ಟಿದೆ. ಮೂರು ತಿಂಗಳಿಗೊಮ್ಮೆ ಫಲಿತಾಂಶ ತೋರಿಸಬೇಕಾದ ಇವತ್ತಿನ ಬೋರ್ಡಿನ ಮುಂದೆ ಇಂಥ ಪ್ರಸ್ತಾವ ಬಂದರೆ ಐದು ನಿಮಿಷದಲ್ಲಿ ಬಿದ್ದುಹೋಗುತ್ತದೆ. ನಾನೇ ವಿರೋಧಿಸುತ್ತಿದ್ದೆನೇನೋ.

ಕಂಪನಿ ಲೆಕ್ಕದವಳಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಶಿವನಸಮುದ್ರ.

ಕೋಲಾರದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ 1880ರಿಂದ ಚಿನ್ನ ಅಗೆಯುತ್ತಿತ್ತು. ಗಣಿ ಆಳವಾದಷ್ಟೂ ನೀರು ಎತ್ತಬೇಕು, ಅದುರು ಎತ್ತಬೇಕು, ಎಲ್ಲ ಉಗಿಯಂತ್ರದಲ್ಲಿ, ಸೌದೆ ಕಲ್ಲಿದ್ದಲು ಸುಟ್ಟು. ಇತ್ತ ಕಾವೇರಿ ಶಿವನಸಮುದ್ರದಲ್ಲಿ ಸುಮ್ಮನೆ ಧುಮುಕುತ್ತಿತ್ತು. ಆ ನೀರಿನ ಬಲವನ್ನು ಯಾರಾದರೂ ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಕಪ್ಪ ತಗೊಂಡು ಕೂರುವ ದಾರಿ ಇತ್ತು. ಸಂಸ್ಥಾನ ಅದನ್ನು ಬಿಟ್ಟು ತಾನೇ ಬಂಡವಾಳ ಹಾಕಿ ತಾನೇ ವಿದ್ಯುತ್ ಮಾರಲು ಹೊರಟಿತು. ಜೋಲಿ ದ ಲೋಟ್‌ಬಿನಿಯರ್ ಅನ್ನುವ ಎಂಜಿನಿಯರ್ ಯುರೋಪು, ಅಮೆರಿಕ ಸುತ್ತಿ ನೋಡಿಕೊಂಡು ಬಂದರು. ವಿದ್ಯುತ್ ಯಂತ್ರ ಜನರಲ್ ಎಲೆಕ್ಟ್ರಿಕ್ ಕಂಪನಿಯದ್ದು, ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯದ್ದು. ಗಣಿಗಳ ಜತೆ ಖರೀದಿ ಕರಾರು ಮೊದಲು, ಯಂತ್ರ ಆಮೇಲೆ. ಗಿರಾಕಿಯನ್ನು ಗೊತ್ತುಮಾಡಿಕೊಂಡೇ ಅಂಗಡಿ ಹಾಕಿದ ಹಾಗೆ.

ಗಂಡಾಂತರ ಎಷ್ಟಿತ್ತು ಅಂದರೆ, ಶಿವನಸಮುದ್ರದಿಂದ ಕೋಲಾರಕ್ಕೆ 92 ಮೈಲಿ. ಅಷ್ಟು ದೂರ ತಂತಿಯಲ್ಲಿ ವಿದ್ಯುತ್ ಹರಿಸುವುದು ಜಗತ್ತಿಗೇ ಹೊಸದು. ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿತ್ತು ಅದು. ಕೈಕೊಟ್ಟಿದ್ದರೆ ಸಂಸ್ಥಾನದ ಬೊಕ್ಕಸಕ್ಕೆ ಪೆಟ್ಟು, ಹೆಂಗಸಿನ ಕಾಲದಲ್ಲಿ ದುಡ್ಡು ನೀರುಪಾಲಾಯಿತು ಅನ್ನುವ ಮಾತು ಶಾಶ್ವತ. ದಿವಾನರು ಹೇಗೂ ನಿವೃತ್ತಿಯಾಗಿ ಹೋಗುವವರು. ಅಪಕೀರ್ತಿ ಉಳಿಯುತ್ತಿದ್ದದ್ದು ರಾಣಿಯ ಹೆಸರಿಗೆ, ಮಗನ ಸಿಂಹಾಸನಕ್ಕೆ.

ಇಲ್ಲಿ ನಾನೊಂದು ತಕರಾರನ್ನು ಎದುರಿಸಲೇಬೇಕು. ಇದೆಲ್ಲ ಶೇಷಾದ್ರಿ ಅಯ್ಯರ್ ಮಾಡಿದ್ದು, ಮಹಾರಾಣಿ ರುಜು ಹಾಕಿದರು ಅಷ್ಟೆ ಅನ್ನುವವರಿದ್ದಾರೆ. ಪಠ್ಯಪುಸ್ತಕಗಳೂ ಹೆಚ್ಚುಕಮ್ಮಿ ಹಾಗೇ ಹೇಳುತ್ತವೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಪ್ರತಿಮೆ ನಿಂತಿರುವುದು ದಿವಾನರದ್ದು. ಯೋಜನೆಯ ಕನಸು, ತಾಂತ್ರಿಕ ವಿಚಾರಣೆ, ಪತ್ರವ್ಯವಹಾರ ಎಲ್ಲ ದಿವಾನರದ್ದೇ, ಅದರಲ್ಲಿ ಎರಡು ಮಾತಿಲ್ಲ. ಅವರಷ್ಟು ಸಮರ್ಥ ಆಡಳಿತಗಾರ ಆಗ ದೇಶದಲ್ಲೇ ಅಪರೂಪ. ಆದರೆ ಯಾವ ಕಂಪನಿಯ ಅಧ್ಯಕ್ಷ ಗಂಡಸಾಗಿದ್ದಾಗ ನಾವು ಈ ಪ್ರಶ್ನೆ ಕೇಳುತ್ತೇವೆ ಹೇಳಿ? ಕನ್ನಂಬಾಡಿಯ ನಕ್ಷೆ ವಿಶ್ವೇಶ್ವರಯ್ಯನವರದ್ದು ಅಂತ ನಾಲ್ವಡಿಯವರ ಪಾಲನ್ನು ಯಾರೂ ಸೊನ್ನೆ ಮಾಡುವುದಿಲ್ಲ. ಮಾಡಲೂಬಾರದು. ಒಳ್ಳೆಯ ದಿವಾನನಿಗೆ ಜಾಗ ಬಿಟ್ಟುಕೊಟ್ಟದ್ದು ಮಗನ ವಿಷಯದಲ್ಲಿ ದೊಡ್ಡತನ. ಅದೇ ಕೆಲಸ ತಾಯಿ ಮಾಡಿದರೆ ಬರೀ ರುಜು.

ಸರಿ, ರುಜುವನ್ನು ಪಕ್ಕಕ್ಕಿಡೋಣ. ದಿನಾಂಕ ನೋಡೋಣ, ಅದು ನನ್ನ ಕಸುಬಿಗೆ ಸಲ್ಲುವ ಸಾಕ್ಷಿ. ಶೇಷಾದ್ರಿ ಅಯ್ಯರ್ ಆರೋಗ್ಯ ಕೆಟ್ಟು 1901ರ ಮಾರ್ಚ್‌ನಲ್ಲಿ ದಿವಾನಗಿರಿ ಬಿಟ್ಟರು, ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ತಂಬುಚೆಟ್ಟಿ ಬಂದರು. ಅದೇ ವರ್ಷ ಮುಗಿಯುವ ಮುಂಚೆ ಪಿ.ಎನ್. ಕೃಷ್ಣಮೂರ್ತಿ ಬಂದರು. ಒಂದೇ ವರ್ಷದಲ್ಲಿ ಮೂವರು ದಿವಾನರು. ಯೋಜನೆಯ ಖರ್ಚು ಜೋರಾಗಿ ಆಗುತ್ತಿದ್ದ, ತಂತಿ ಎಳೆಯುತ್ತಿದ್ದ ವರ್ಷ ಅದು. ನಾನು ನೋಡಿದ ಎಷ್ಟೋ ಕಂಪನಿಗಳಲ್ಲಿ ಎಂಡಿ ಬದಲಾದ ಮಾರನೇ ದಿನವೇ ಹಿಂದಿನವರ ಯೋಜನೆ ಕಪಾಟು ಸೇರುತ್ತದೆ. ಇಲ್ಲಿ ಸೇರಲಿಲ್ಲ. 1902ರ ಜೂನ್ 30ರಂದು ಕೋಲಾರದ ಗಣಿಗೆ ಶಿವನಸಮುದ್ರದ ವಿದ್ಯುತ್ ಮುಟ್ಟಿತು. ಆ ಹದಿನೈದು ತಿಂಗಳೂ ಬದಲಾಗದೆ ಕೂತಿದ್ದವರು ಒಬ್ಬರೇ.

ಹೊಗಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಆ ವಿದ್ಯುತ್ ಮೊದಲು ಹೋದದ್ದು ಲಂಡನ್ನಿಗೆ ಲಾಭ ಕಳಿಸುವ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಮೈಸೂರಿಗೆ 1908ರಲ್ಲಿ. ತಂತಿ ಹಾದುಹೋದ ಹಳ್ಳಿಗಳು ತಲೆ ಮೇಲೆ ವಿದ್ಯುತ್ ಇಟ್ಟುಕೊಂಡು ಹರಳೆಣ್ಣೆ ದೀಪದಲ್ಲೇ ದಶಕಗಟ್ಟಲೆ ಕಳೆದವು.

ಹೆಣ್ಣುಮಕ್ಕಳ ವಿಷಯದಲ್ಲೂ ಲೆಕ್ಕ ಬೆರಕೆಯೇ. ಚಾಮರಾಜ ಒಡೆಯರು ತೀರಿಕೊಳ್ಳುವ ಸ್ವಲ್ಪ ಮುಂಚೆ, 1894ರಲ್ಲಿ, ಶಿಶುವಿವಾಹ ತಡೆ ಕಾಯ್ದೆ ಬಂದಿತ್ತು. ಎಂಟು ತುಂಬದ ಹುಡುಗಿಯ ಮದುವೆ ಅಪರಾಧ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಮದುವೆಯಾಗುವುದೂ ಅಪರಾಧ. ಎಂಟು ವರ್ಷ ಅನ್ನುವುದು ಇವತ್ತು ನಮಗೆ ಗಾಬರಿ ಹುಟ್ಟಿಸುತ್ತದೆ. ಆಗ ಅಷ್ಟಕ್ಕೇ ಧರ್ಮ ಕೆಟ್ಟಿತು ಅಂತ ಗಲಾಟೆಯಾಗಿತ್ತು. ಅದನ್ನು ಜಾರಿಗೆ ತರುವ ಹೊಣೆ ಬಿದ್ದದ್ದು ಹನ್ನೆರಡಕ್ಕೆ ಮದುವೆಯಾಗಿದ್ದ ಈ ಹೆಂಗಸಿನ ಆಡಳಿತದ ಮೇಲೆ. ಮಹಾರಾಣಿ ಶಾಲೆ ಬೆಳೆಯಿತು, ಅಲ್ಲಿ ವಿಧವೆಯರನ್ನು ಶಿಕ್ಷಕಿಯರನ್ನಾಗಿ ತಯಾರು ಮಾಡಿದರು, ಶತಮಾನ ತಿರುಗುವ ಹೊತ್ತಿಗೆ ಕಾಲೇಜು ತರಗತಿಗಳೂ ಬಂದವು. ಓದಿದವರಲ್ಲಿ ಬಹುಪಾಲು ಮೇಲುಜಾತಿಯ ಮನೆಯವರು, ಅದೂ ನಿಜ. ಆದ್ರೂ ಮನೆಯ ಹಿತ್ತಲಲ್ಲಿ ಮುಗಿದುಹೋಗಬೇಕಾದ ಬಾಲವಿಧವೆಗೆ ಸಂಬಳದ ಚೀಟಿ ಬಂತಲ್ಲ, ಅದನ್ನು ಸಣ್ಣದು ಅನ್ನಲಾರೆ. ನಮ್ಮ ಮನೆಯಲ್ಲಿ ಮೊದಲು ಸಂಬಳ ಎಣಿಸಿದ ಹೆಂಗಸು, ನನ್ನಜ್ಜಿಯ ಅಕ್ಕ, ಅಂಥ ಒಬ್ಬ ವಿಧವೆ ಟೀಚರಮ್ಮನ ಹತ್ತಿರ ಅಕ್ಷರ ಕಲಿತವರು.

ಆದರೆ ಕೌನ್ಸಿಲಿಗೆ ಒಬ್ಬ ಹೆಂಗಸನ್ನು ಅವರು ತರಲಿಲ್ಲ. ಪ್ರಜಾಪ್ರತಿನಿಧಿ ಸಭೆಯಲ್ಲಿ ಹೆಂಗಸರಿಗೆ ಜಾಗವಾಗಲಿ ಮತವಾಗಲಿ ಅವರ ಕಾಲದಲ್ಲಿ ಸಿಗಲಿಲ್ಲ. ಆ ಅಡ್ಡಿ ತೆಗೆದದ್ದು 1923ರ ಸುಧಾರಣೆಯಲ್ಲಿ, ಮಗನ ಕಾಲದಲ್ಲಿ. ತರಬಹುದಿತ್ತೇ? ರೆಸಿಡೆಂಟ್ ಒಪ್ಪುತ್ತಿದ್ದರೇ? ಬಹುಶಃ ಇಲ್ಲ. ಅಧಿಕಾರ ತಮ್ಮದಲ್ಲ, ಮಗನಿಗಾಗಿ ಕಾಪಾಡುತ್ತಿರುವ ಗಂಟು ಅನ್ನುವ ಭಾವನೆಯಲ್ಲೇ ಅವರು ಆ ಏಳೂವರೆ ವರ್ಷ ಕೂತಿದ್ದಂತೆ ನನಗೆ ಕಾಣುತ್ತದೆ. ತನ್ನದಲ್ಲದ ಕುರ್ಚಿಯ ಮೇಲೆ ಕೂತವರು ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ ಅನ್ನುವುದು ಕಷ್ಟ. ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ. ನನ್ನ ಮೇಲಿನ ದೂರಾಗಿ ಹೇಳುತ್ತಿದ್ದೇನೆ, ಯಾಕೆ ಅಂತ ಮುಂದೆ ಬರುತ್ತದೆ.

1902ರ ಆಗಸ್ಟ್ 8. ಅರಮನೆ ಸುಟ್ಟುಹೋಗಿ ಹೊಸದು ಇನ್ನೂ ಏಳುತ್ತಿದ್ದದ್ದರಿಂದ ಸಮಾರಂಭ ನಡೆದದ್ದು ಜಗನ್ಮೋಹನ ಅರಮನೆಯಲ್ಲಿ. ಕರ್ಜನ್ ಬಂದು ಹದಿನೆಂಟರ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿದರು. ಕೋಲಾರಕ್ಕೆ ವಿದ್ಯುತ್ ಮುಟ್ಟಿ 39 ದಿನವಾಗಿತ್ತು. ಅಂದರೆ ಫಲ ಬರುವ ಹೊತ್ತಿಗೆ ಸರಿಯಾಗಿ ಎದ್ದು ಹೋದರು. ಎದ್ದು ಹೋಗುವುದನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಎಪ್ಪತ್ತೈದು ದಾಟಿದರೂ ಗೌರವಾಧ್ಯಕ್ಷ ಅಂತ ಹೊಸ ಪದವಿ ಹುಟ್ಟಿಸಿಕೊಂಡು ಕೂರುವ ಮಾಲೀಕರ ಮಧ್ಯೆ ಹತ್ತು ವರ್ಷ ಕಳೆದವಳಿಗೆ ಅದರ ತೂಕ ಗೊತ್ತು. ಅವರಿಗೆ ಆಗ ಮೂವತ್ತಾರು ವಯಸ್ಸು. ಇವತ್ತಿನ ಲೆಕ್ಕದಲ್ಲಿ ಬೋರ್ಡಿಗೆ ಸೇರಲು ಇನ್ನೂ ಚಿಕ್ಕವರು ಅನ್ನಿಸಿಕೊಳ್ಳುವ ವಯಸ್ಸಿಗೆ ಅವರ ಕೆಲಸ ಮುಗಿದಿತ್ತು.

ಆಮೇಲಿನ ಮೂವತ್ತೆರಡು ವರ್ಷ ರಾಜಮಾತೆಯಾಗಿ ಬದುಕಿದರು. ಸುಖದ ವರ್ಷಗಳಲ್ಲ. ಮಗಳು ಕೃಷ್ಣಾಜಮ್ಮಣ್ಣಿಯನ್ನೂ ಅವಳ ಹೆಣ್ಣುಮಕ್ಕಳನ್ನೂ ಕ್ಷಯ ತಿಂದಿತು. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಅನ್ನುವ ಅಕ್ಷರಗಳಲ್ಲಿ ಇರುವುದು ಆ ಮಗಳ ಹೆಸರು. ಕನ್ನಂಬಾಡಿ, ಮೈಸೂರು ವಿಶ್ವವಿದ್ಯಾನಿಲಯ, ಭದ್ರಾವತಿ ಕಬ್ಬಿಣದ ಕಾರ್ಖಾನೆ, ಎಲ್ಲವನ್ನೂ ಕಣ್ಣಾರೆ ಕಂಡರು. 1934ರ ಜುಲೈ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ಮಾರಿಕಣಿವೆ ಮೊದಲ ಸಲ ಕೋಡಿ ಬಿದ್ದ ಮರುವರ್ಷ. ಹೆಂಗಸರ ಮಕ್ಕಳ ವಾಣಿವಿಲಾಸ ಆಸ್ಪತ್ರೆ ಬೆಂಗಳೂರಿನಲ್ಲಿ ಬಾಗಿಲು ತೆರೆದದ್ದು 1935ರಲ್ಲಿ.

ನನ್ನ ಕುರ್ಚಿಯ ವಿಷಯಕ್ಕೆ ಬರುತ್ತೇನೆ. ಕಾನೂನು ಆಮೇಲೆ ಸ್ವಲ್ಪ ಬಿಗಿಯಾಯಿತು. ಕೋಟಕ್ ಸಮಿತಿಯ ಶಿಫಾರಸಿನ ಮೇಲೆ ಸೆಬಿ, ಮೊದಲ 500 ನೋಂದಾಯಿತ ಕಂಪನಿಗಳಲ್ಲಿ 2019ರ ಏಪ್ರಿಲ್‌ನಿಂದ, ಮೊದಲ 1000ದಲ್ಲಿ 2020ರ ಏಪ್ರಿಲ್‌ನಿಂದ, ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿ ಇರಲೇಬೇಕು ಅಂದಿತು. ಹೆಂಡತಿ, ಮಗಳು ನಡೆಯುವುದಿಲ್ಲ ಅಂತ ಅರ್ಥ. ನಾರ್ವೆಯವರು 2003ರಲ್ಲೇ ಕಾನೂನು ಮಾಡಿ 2008ರ ಹೊತ್ತಿಗೆ ಶೇ. 40ಕ್ಕೆ ಮುಟ್ಟಿಸಿದ್ದರು. ನಾವು ಒಬ್ಬರಲ್ಲಿ ನಿಂತಿದ್ದೇವೆ. ಇನ್ನೊಂದು ಸಣ್ಣ ಸಂಗತಿ, ಹೊರಗಿನವರಿಗೆ ಗೊತ್ತಿರುವುದಿಲ್ಲ: ಮಂಡಳಿಯಲ್ಲಿ ಹೆಂಗಸು ಇರಬೇಕು ಅನ್ನುವ ಕಾನೂನು, ಸಭೆಯ ಕೋರಂನಲ್ಲಿ ಹೆಂಗಸು ಇರಬೇಕು ಅನ್ನುವುದಿಲ್ಲ. ಅವಳು ಬರದಿದ್ದರೂ ಸಭೆ ಸಿಂಧು, ತೀರ್ಮಾನ ಸಿಂಧು. ಅವಳ ಹೆಸರು ಪಟ್ಟಿಯಲ್ಲಿದ್ದರೆ ಸಾಕು. 1895ರಲ್ಲಿ ಮೈಸೂರಿನಲ್ಲಿ ಹಾಗಿರಲಿಲ್ಲ, ಕಾಗದ ಅವರ ಮುಂದೆ ಹೋಗಲೇಬೇಕಿತ್ತು.

ನಾನು ಎರಡನೇ ಸಭೆಯಿಂದ ಒಂದು ಅಭ್ಯಾಸ ಮಾಡಿಕೊಂಡೆ. ಅಜೆಂಡಾ ತಡವಾಗಿ ಬಂದರೆ ತಡವಾಗಿ ಬಂತು ಅಂತ ಮಿನಿಟ್ಸ್‌ನಲ್ಲಿ ಬರೆಯಿಸುತ್ತಿದ್ದೆ. ಮೂರು ಸಲ ಬರೆಸಿದ ಮೇಲೆ ಏಳು ದಿನಕ್ಕೇ ಬರತೊಡಗಿತು. ಸಂಬಂಧಿಕರ ಕಂಪನಿಗೆ ಸಾಲ ಕೊಡುವ ಒಂದು ವಿಷಯದಲ್ಲಿ ವಿರೋಧ ದಾಖಲಿಸಿದೆ. ಸೋತೆ, ದಾಖಲೆ ಉಳಿಯಿತು. ಮುಂದಿನ ವರ್ಷ ಅಂಥ ಪ್ರಸ್ತಾವ ಬರಲಿಲ್ಲ. ಹತ್ತು ವರ್ಷದಲ್ಲಿ ನನ್ನಿಂದಾದದ್ದು ಇಷ್ಟೇ. ಆದರೆ ಈ ಹತ್ತು ವರ್ಷದಲ್ಲಿ ಇನ್ನೊಬ್ಬ ಹೆಂಗಸನ್ನು ತನ್ನಿ ಅಂತ ನಾನು ಒಂದು ಸಲವೂ ಬಾಯಿಬಿಟ್ಟು ಕೇಳಲಿಲ್ಲ. ಮೊದಮೊದಲು ಧೈರ್ಯ ಸಾಲಲಿಲ್ಲ. ಆಮೇಲೆ, ನಿಜ ಹೇಳಬೇಕೆಂದರೆ, ಒಬ್ಬಳೇ ಇರುವುದು ಒಂದು ಥರ ಅಭ್ಯಾಸವಾಗಿಬಿಟ್ಟಿತ್ತು.

ಸ್ವತಂತ್ರ ನಿರ್ದೇಶಕರಿಗೆ ಐದೈದು ವರ್ಷದ ಎರಡೇ ಅವಧಿ. ನನ್ನದು ಈ ಮಾರ್ಚ್‌ಗೆ ಮುಗಿಯುತ್ತದೆ. ಹೋದ ವಾರ ಮತ್ತೆ ಫೋನ್ ಬಂತು. ನಿಮ್ಮ ಜಾಗಕ್ಕೆ ಒಬ್ಬ ಲೇಡಿ ಬೇಕಲ್ಲ ಮೇಡಂ, ನಿಮ್ಮ ಕಡೆಯವರೇ ಯಾರಾದರೂ ಇದ್ದರೆ ಹೇಳಿ, ತಕರಾರಿನವರು ಬೇಡ ಅಂದರು. ನೋಡಿ ಹೇಳ್ತೀನಿ ಅಂದೆ.

ನಿನ್ನೆ ಸಂಜೆ ಮಾರುಕಟ್ಟೆಯಿಂದ ಬಂದು, ಸೊಪ್ಪಿನ ಚೀಲ ಜಗಲಿ ಮೇಲಿಟ್ಟು, ಅಲ್ಲೇ ಕೂತು ಕಾಗದ ಬರೆದೆ. ಎರಡು ಹೆಸರು ಕೊಟ್ಟಿದ್ದೇನೆ. ಒಬ್ಬರು ಬ್ಯಾಂಕಿನಲ್ಲಿ ಸಾಲ ವಸೂಲಿ ನೋಡಿಕೊಂಡವರು, ಇನ್ನೊಬ್ಬರು ಕಾರ್ಖಾನೆ ನಡೆಸಿದವರು. ನನ್ನ ಜಾಗಕ್ಕೆ ಒಬ್ಬರು, ಈ ಜುಲೈಗೆ ಖಾಲಿಯಾಗುವ ಇನ್ನೊಂದು ಸ್ಥಾನಕ್ಕೆ ಮತ್ತೊಬ್ಬರು ಅಂತ ಸ್ಪಷ್ಟವಾಗಿ ಬರೆದು, ಇದನ್ನು ಮುಂದಿನ ಸಭೆಯ ಅಜೆಂಡಾದಲ್ಲಿ ಸೇರಿಸಬೇಕು ಅಂತ ಕೇಳಿದ್ದೇನೆ. ಮಾರ್ಚ್ ಸಭೆಗೆ ಇನ್ನೂ ಹನ್ನೊಂದು ದಿನ ಇದೆ, ಕಾಗದ ಏಳು ದಿನ ಮುಂಚೆ ಬರಬೇಕು.